ತಾರಿ ಹತ್ತದ ಗಾಡಿ

ಈ ವಾರ ಚೈನಿನ ಆರೈಕೆ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಆ ಮಾತು ನಾಲ್ಕು ಸಾಲಿನಲ್ಲಿ ತೀರಿಹೋಗುತ್ತದೆ. ಓ-ರಿಂಗ್ ಚೈನಿಗೆ ಪೆಟ್ರೋಲ್ ಮುಟ್ಟಿಸಬೇಡಿ, ರಬ್ಬರು ಹಾಳಾಗುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿದ ಮೇಲೆ ತೊಂಬತ್ತರ ಗೇರ್ ಆಯಿಲನ್ನು ಚೈನಿನ ಒಳಬದಿಗೆ ಸವರಿ, ಹೊರಗೆ ಇಳಿದದ್ದನ್ನು ಬಟ್ಟೆಯಲ್ಲಿ ತೆಗೆಯಿರಿ. ಕಡಲ ದಂಡೆಯವರು ಇದಕ್ಕೂ ಮೊದಲು ಒಂದು ಬಕೆಟ್ ಸಿಹಿನೀರು ಸುರಿಯಬೇಕು, ಇಲ್ಲವಾದರೆ ಎಣ್ಣೆಯ ಅಡಿಯಲ್ಲಿ ಉಪ್ಪು ನೆಮ್ಮದಿಯಾಗಿ ತನ್ನ ಕೆಲಸ ಮಾಡಿಕೊಂಡಿರುತ್ತದೆ. ಹಳೆಯ ಓದುಗರಿಗೆ ಇದೆಲ್ಲ ಬಾಯಿಪಾಠ. ಅಂಕಣದ ಜಾಗ ತುಂಬಿಸಲು ಅದನ್ನೇ ಜಗಿಯುವುದು ಬೇಡ.

ಅದೂ ಅಲ್ಲದೆ ಭಟ್ಕಳದಿಂದ ಪತ್ರವೊಂದು ಬಂದಿದೆ. "ತೆರಿಗೆ ಇಳಿದಿದೆಯಲ್ಲ ಸರ್, ನೂರು ಸಿಸಿಯದನ್ನು ಕೊಟ್ಟು 350ರದ್ದು ತಗೊಳ್ಳಲಾ?" ಎಂದು ಕೇಳಿದ್ದಾರೆ. ಇಂಥ ಪ್ರಶ್ನೆಯನ್ನು ನಾನು ಮನೆಯಲ್ಲಿ ಕೂತು ಬಿಡಿಸುವುದಿಲ್ಲ, ತದಡಿ ಬಂದರಿನ ಚಾದಂಗಡಿಗೆ ಒಯ್ಯುತ್ತೇನೆ. ಬೆಳಗಿನ ಮೀನಿನ ಗಲಾಟೆ ಇಳಿದ ಹೊತ್ತಿಗೆ ಹೋದರೆ ಹಿಂದೆ ಪೆಟ್ಟಿಗೆ ಕಟ್ಟಿದ ಗಾಡಿಯ ವ್ಯಾಪಾರಿಗಳು, ಬೋಟಿಗೆ ಹೋಗುವ ಹುಡುಗರು, ಗೋಕರ್ಣದಲ್ಲಿ ಪ್ರವಾಸಿಗರಿಗೆ ಸ್ಕೂಟರ್ ಬಾಡಿಗೆಗೆ ಬಿಡುವವನೊಬ್ಬ, ಎಲ್ಲರೂ ಸಿಗುತ್ತಾರೆ. ಎಂಜಿನ್ನಿನಿಂದ ಶುರುವಾದ ಮಾತು ತಂಗಿಯ ಮದುವೆಗೋ ಸೊಸೈಟಿಯ ಸಾಲಕ್ಕೋ ಹೋಗಿ ನಿಲ್ಲುವುದು ಅಲ್ಲಿ ಮಾಮೂಲು.

ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ 31 ಇದ್ದದ್ದು 40ಕ್ಕೆ ಏರಿತು. ಬೋಟಿನ ಹುಡುಗರು ಈ ಇಳಿದ ಹತ್ತನ್ನೇ ಹಿಡಿದುಕೊಂಡು ಕುಣಿಯುತ್ತಿದ್ದರು. ಆದರೆ ಲಕ್ಷ ದಾಟಿದ ಗಾಡಿಗೆ ನಮ್ಮ ರಾಜ್ಯದ ಆಜೀವ ತೆರಿಗೆಯೂ ನೂರಕ್ಕೆ 18 ಇದೆಯಲ್ಲ, ಅದನ್ನು ಷೋರೂಮಿನವರು ಚಾ ಕೊಟ್ಟಾದ ಮೇಲೆ ಹೇಳುತ್ತಾರೆ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸನ್ನು ಒಟ್ಟಿಗೆ ಕಟ್ಟಬೇಕೆಂಬ ನಿಯಮ 2018ರ ಸೆಪ್ಟೆಂಬರಿನಿಂದ ಇದೆ. 2022ರಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿಯದಕ್ಕೆ 3,851 ರೂಪಾಯಿ, 350ರವರೆಗಿನದಕ್ಕೆ 7,365, ಅದರ ಮೇಲಿನದಕ್ಕೆ 15,117. ಇನ್ನು ಪೆಟ್ರೋಲ್. ಲೀಟರಿಗೆ ನೂರು ದಾಟಿ ಕೂತಿರುವ ಈ ಕಾಲದಲ್ಲಿ ಅರವತ್ತು ಕೊಡುವ ಗಾಡಿಗೆ ಕಿಲೋಮೀಟರಿಗೆ ಒಂದೂ ಮುಕ್ಕಾಲು ರೂಪಾಯಿ ಬೀಳುತ್ತದೆ, ಮೂವತ್ತೈದು ಕೊಡುವುದಕ್ಕೆ ಹತ್ತಿರಹತ್ತಿರ ಮೂರು.

ಇಷ್ಟನ್ನೂ ಕೇಳಿಸಿಕೊಂಡ ವ್ಯಾಪಾರಿಯೊಬ್ಬರು ಗ್ಲಾಸು ಕೆಳಗಿಟ್ಟು ಬೋಟಿನ ಹುಡುಗನೊಬ್ಬನಿಗೆ ಹೇಳಿದ್ದು ಒಂದೇ ಮಾತು: "ತಮಾ, ಬೋಟು ಹತ್ತು ತಿಂಗ್ಳು ಹೋಗ್ತದೆ. ಕಂತು ಹನ್ನೆರಡು ತಿಂಗ್ಳು ಬರ್ತದೆ."

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಬಂದರಿನಲ್ಲಿ ಬಲೆ ಹೊಲಿಯುವುದು ಬಿಟ್ಟರೆ ಬೇರೆ ದುಡಿಮೆ ಕಡಿಮೆ. ಬ್ಯಾಂಕಿನವರಿಗೆ ಮಳೆಗಾಲವಿಲ್ಲ. ಹುಡುಗ ಸುಮ್ಮನಾದ, ಆದರೆ ಮನಸ್ಸು ಬದಲಿಸಿದಂತೆ ಕಾಣಲಿಲ್ಲ. ಆ ವಯಸ್ಸಿಗೆ ಬದಲಿಸಬೇಕಾಗಿಯೂ ಇಲ್ಲ.

ಇಲ್ಲಿಗೆ ಪತ್ರಕ್ಕೆ ಉತ್ತರ ಆಯಿತೆನ್ನಿ. ನನಗೆ ಅದಕ್ಕಿಂತ ದೊಡ್ಡ ತಕರಾರೊಂದಿದೆ. ದುಡ್ಡಿನ ಮಾತಿನಲ್ಲಿ ಯಾರೂ ಕೇಳದ ಪ್ರಶ್ನೆ ಗಾಡಿಯ ತೂಕದ್ದು. ಸಿಸಿ ಕೇಳುತ್ತಾರೆ, ಮೈಲೇಜ್ ಕೇಳುತ್ತಾರೆ, ಬ್ಲೂಟೂತ್ ಇದೆಯಾ ಎಂದೂ ಕೇಳುತ್ತಾರೆ. ಎಷ್ಟು ಕಿಲೋ ಎಂದು ಕೇಳಿದವನನ್ನು ನಾನು ಷೋರೂಮಿನಲ್ಲಿ ಕಂಡಿಲ್ಲ. ತದಡಿಯಲ್ಲಾದರೋ ಇದು ಮೊದಲ ಪ್ರಶ್ನೆಯಾಗಬೇಕಿತ್ತು, ಏಕೆಂದರೆ ಇಲ್ಲಿ ಹೊಳೆ ದಾಟಿಸುವ ತಾರಿ ಇದೆ.

ಎದುರಿಗೆ ಕಾಣುವ ಅಘನಾಶಿನಿ ಊರಿಗೆ ರಸ್ತೆಯಲ್ಲಿ ಹೋಗುವುದಾದರೆ ಮಾದನಗೇರಿ, ಮಿರ್ಜಾನ, ಕುಮಟೆ ಎಂದು ಮೂವತ್ತು ಕಿಲೋಮೀಟರಿಗೂ ಮಿಕ್ಕಿ ಸುತ್ತಬೇಕು. ತಾರಿಯಲ್ಲಾದರೆ ಚಾ ಕುಡಿಯುವಷ್ಟು ಹೊತ್ತು. ಗಾಡಿಯನ್ನೂ ಹತ್ತಿಸಿಕೊಳ್ಳುತ್ತಾರೆ. ಉಬ್ಬರದಲ್ಲಿ ಬೋಟಿನ ಅಂಚು ದಕ್ಕೆಯ ಮಟ್ಟಕ್ಕೆ ಬಂದು ನಿಂತಿದ್ದರೆ ಗಾಡಿ ಹತ್ತಿಸುವುದು ಸುಲಭ. ಇಳಿತದಲ್ಲಿ ಬೋಟು ಕೆಳಗೆ ಕೂರುತ್ತದೆ, ಆಗ ಮುಂದಿನ ಚಕ್ರ ಇಳಿಸುವವನೊಬ್ಬ, ಹಿಂದಿನಿಂದ ಹಿಡಿದು ನಿಲ್ಲಿಸುವವನೊಬ್ಬ ಬೇಕು. ಟಿವಿಎಸ್ ಎಕ್ಸೆಲ್ 100 ಅಂದರೆ ತೊಂಬತ್ತು ಕಿಲೋದೊಳಗಿನದು, ಬೇಕಾದರೆ ಎತ್ತಿಯೇ ಇಡಬಹುದು. ಸ್ಪ್ಲೆಂಡರ್ 112 ಕಿಲೋ, ಇಬ್ಬರು ಸಾಕು. ಕ್ಲಾಸಿಕ್ 350 ಅಂದರೆ 195 ಕಿಲೋ. ಹಿಮಾಲಯನ್ 450 ಅದಕ್ಕಿಂತ ಒಂದು ಕಿಲೋ ಹೆಚ್ಚು, ಅದೂ ಪಕ್ಕದ ಅಲ್ಯುಮಿನಿಯಂ ಪೆಟ್ಟಿಗೆ, ಟೆಂಟು, ಹೆಚ್ಚುವರಿ ಪೆಟ್ರೋಲ್ ಡಬ್ಬಿ ಸೇರಿಸುವ ಮೊದಲು. ಬೆಂಗಳೂರಿನಿಂದ ಬಂದ ಅಂಥದ್ದೊಂದನ್ನು ಇಳಿತದ ಹೊತ್ತಿನಲ್ಲಿ ನೋಡಿದ ತಾರಿಯವರು "ಎಮ್ಮೆ ಹತ್ತಿಸ್ದಾಂಗೆ ಆಗ್ತದಲ್ರೋ, ಕುಮಟೆ ಮೇಲೆ ಬನ್ನಿ ಅಡ್ಡಿಲ್ಲ" ಎಂದು ಕೈ ಮುಗಿದರು. ಸಾಹಸಕ್ಕೆಂದೇ ಮಾಡಿದ ಗಾಡಿ ಹೆದ್ದಾರಿ ಹಿಡಿದು ಹೋಯಿತು. ಎಕ್ಸೆಲ್ಲಿನವ ಬಾಂಗಡೆ ಪೆಟ್ಟಿಗೆ ಸಮೇತ ಹೊಳೆ ದಾಟಿದ.

ಭಾರದ ಪಂಥದವರ ವಾದ ನನಗೆ ಗೊತ್ತು, ಈ ಅಂಕಣದಲ್ಲೇ ಅವರೊಂದಿಗೆ ಎಷ್ಟೋ ಸಲ ಜಗಳವಾಡಿದ್ದೇನೆ. "ಭಾರ ಇದ್ದರೆ ಗಾಡಿ ರೋಡಿಗೆ ಕಚ್ಚಿ ಹಿಡಿತದೆ ಮಾರಾಯ." ಓಡುವ ಗಾಡಿಯನ್ನು ನೆಟ್ಟಗೆ ಹಿಡಿಯುವುದು ತೂಕವಲ್ಲ. ಗಾಡಿ ವಾಲಿದ ಕಡೆಗೆ ಮುಂದಿನ ಚಕ್ರ ತಾನೇ ತಿರುಗಿ ಸರಿಪಡಿಸಿಕೊಳ್ಳುತ್ತದೆ, ಮುಂಫೋರ್ಕಿನ ಓರೆಯನ್ನು ಅದಕ್ಕೆಂದೇ ಲೆಕ್ಕ ಹಾಕಿ ಇಟ್ಟಿರುತ್ತಾರೆ. ನೂರು ಕಿಲೋ ಆಸುಪಾಸಿನ ಯಮಹಾ ಆರ್‌ಎಕ್ಸ್ 100 ಯಾರ ಕೈಯಲ್ಲೂ ಗಾಳಿಗೆ ಹಾರಿಹೋಗಲಿಲ್ಲ. ತೂಕದ ನಿಜವಾದ ಗುಣ ಗೊತ್ತಾಗುವುದು ಗಾಡಿ ನಿಂತಾಗ, ಇಲ್ಲವೇ ಬೀಳುತ್ತಿರುವಾಗ. ಮಳೆಗಾಲದ ಜಂಬಿಟ್ಟಿಗೆ ರಾಡಿಯಲ್ಲಿ ಗಾಡಿ ಹತ್ತು ಡಿಗ್ರಿ ವಾಲಿತೆನ್ನಿ. ಎಕ್ಸೆಲ್ಲಾದರೆ ಕಾಲೂರಿ ಬಯ್ಯುತ್ತೀರಿ, 195 ಕಿಲೋದ್ದಾದರೆ ಕಾಲು ತೆಗೆಯಲು ಯಾರನ್ನೋ ಕರೆಯುತ್ತೀರಿ. ಒಂದು ಕಡೆ ಮಾತ್ರ ಅವರ ಮಾತು ಒಪ್ಪುತ್ತೇನೆ. ಹೊನ್ನಾವರದಲ್ಲಿ ಶರಾವತಿ ಸೇತುವೆಯ ಮೇಲೆ ಜೂನ್ ತಿಂಗಳ ಪಡುಗಾಳಿ ಅಡ್ಡ ಬಡಿಯುವಾಗ ಭಾರದ ಗಾಡಿಗೇ ನೆಮ್ಮದಿ. ಸೇತುವೆ ಮುಗಿಯುವವರೆಗೆ.

ಗಾಡಿಗಳು ಊದಿದ್ದಕ್ಕೆ ಕಾರಣವಿಲ್ಲ ಅನ್ನುತ್ತಿಲ್ಲ. 125 ಸಿಸಿ ದಾಟಿದ್ದಕ್ಕೆ 2019ರಿಂದ ಎಬಿಎಸ್ ಕಡ್ಡಾಯವಾಯಿತು, 2020ರ ಏಪ್ರಿಲಿನಿಂದ ಬಿಎಸ್-6 ಬಂತು. ಹೊಗೆ ತೊಳೆಯುವ ಸಾಧನಕ್ಕೂ ಸೆನ್ಸರಿಗೂ ತೂಕವಿದೆ. ಆ ಕೆಲವು ಕಿಲೋಗಳಿಗೆ ನನ್ನ ಆಕ್ಷೇಪವಿಲ್ಲ, ಒದ್ದೆ ರಸ್ತೆಯಲ್ಲಿ ಎಬಿಎಸ್ ಉಳಿಸಿದ ಎಲುಬುಗಳನ್ನು ಬಲ್ಲೆ. ಉಳಿದದ್ದು ಠೀವಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾದವರು 1996ರವರೆಗೆ ಮಾಡುತ್ತಿದ್ದ ಯೆಜ್ದಿ ರೋಡ್‌ಕಿಂಗ್ 250 ಸಿಸಿಯದು, 140 ಕಿಲೋ ಆಸುಪಾಸು. ಅದೇ ಯೆಜ್ದಿ ಹೆಸರು ಹೊತ್ತು 2022ರಲ್ಲಿ ಮರಳಿ ಬಂದದ್ದು 334 ಸಿಸಿಯದು, 180 ದಾಟಿದೆ. ಹಳೆಯದರಲ್ಲಿ ಗೇರಿನ ಕಡ್ಡಿಯನ್ನೇ ಎತ್ತಿ ತಿರುಗಿಸಿದರೆ ಅದೇ ಕಿಕ್. ಒಂದೇ ಕಡ್ಡಿಗೆ ಎರಡು ಕೆಲಸ ಕೊಟ್ಟವರು ಒಂದು ಕಡ್ಡಿಯ ತೂಕ ಉಳಿಸಿದರು. (ಎರಡು ಸೈಲೆನ್ಸರ್ ಹಾಕಿ ಅದನ್ನು ಪೂರ್ತಿ ಕಳೆದುಕೊಂಡರು, ಅದು ಬೇರೆ ಮಾತು. ಟೂ-ಸ್ಟ್ರೋಕಿನ ಗೆಳೆಯರು ದೇವಿಮನೆ ಘಟ್ಟ ಇಳಿಯುವಾಗ ಎಂಜಿನ್ ಬ್ರೇಕ್ ಹುಡುಕಿಕೊಂಡು ಒದ್ದಾಡಿದ್ದನ್ನೂ ಮುಚ್ಚಿಡುವುದಿಲ್ಲ.)

ಮೀನಿನವರ ಹಳೆಯ ಗಾಡಿ ಬಜಾಜ್ ಎಂ-80 ಇಲ್ಲಿ ನೆನಪಾಗುತ್ತದೆ. ಎಡಗೈಯಲ್ಲೇ ಗೇರು, ಹಿಂದೆ ಪೆಟ್ಟಿಗೆ, ಹಾರ್ನ್ ಕೇಳಿದರೆ ಕೇರಿಯ ಬೆಕ್ಕುಗಳೆಲ್ಲ ಗೇಟಿನ ಹತ್ತಿರ. ಕೇರಳದಲ್ಲಿ ಲೈಸೆನ್ಸ್ ಪರೀಕ್ಷೆಯ ಎಂಟು ಹಾಕಲು 2024ರವರೆಗೂ ಅದನ್ನೇ ಬಳಸುತ್ತಿದ್ದರು, ಆಮೇಲೆ ಕಾಲಿನ ಗೇರೇ ಬೇಕೆಂದು ಬಿಡಿಸಿದರು. ತದಡಿಯಲ್ಲಿ ಎಂ-80 ಬಿಡಿಸಿದ್ದು ಉಪ್ಪು. ಪೆಟ್ಟಿಗೆಯ ಮಂಜುಗಡ್ಡೆ ಕರಗಿ ಸೋರುವ ಉಪ್ಪುನೀರು ಹಿಂದಿನ ಶಾಕು, ಸೈಲೆನ್ಸರು, ರಿಮ್ಮು ಮೂರನ್ನೂ ತಿನ್ನುತ್ತದೆ. ಅದಕ್ಕೇ ಪೆಟ್ಟಿಗೆಯ ತೂತಿಗೆ ಪೈಪ್ ಸಿಕ್ಕಿಸಿ ನೀರನ್ನು ಚಕ್ರದ ಹಿಂದಕ್ಕೆ ಇಳಿಸುತ್ತಾರೆ. ಸೈಕಲ್ ಟ್ಯೂಬಿನ ತುಂಡು, ತಗಡಿನ ಚೂರು, ಬಲೆಯ ನೈಲಾನ್ ಹಗ್ಗ ಇಷ್ಟಿದ್ದರೆ ಇಲ್ಲಿಯ ಮೆಕ್ಯಾನಿಕ್ ಗಾಡಿಯನ್ನು ಕತಗಾಲದವರೆಗೆ ಹೋಗಿ ಬರುವ ಹಾಗೆ ಮಾಡಿಕೊಡುತ್ತಾನೆ.

ಇದನ್ನು ಕಂಡು ಮೂಗು ಮುರಿಯುವವರಿಗೆ ನಾನು ಪ್ರತಿಸಲ ಹೇಳುವ ಕಥೆಯನ್ನು ಇನ್ನೊಮ್ಮೆ ಹೇಳುತ್ತೇನೆ. ನಮ್ಮ ಪಂಥದ ಪುರಾಣ ಅದು, ಎಷ್ಟು ಸಲ ಓದಿದರೂ ಪುಣ್ಯ. 1968ರಲ್ಲಿ ರಾಬರ್ಟ್ ಪಿರ್ಸಿಗ್ ಮಗನನ್ನು ಹಿಂದೆ ಕೂರಿಸಿಕೊಂಡು ಮಿನೆಸೋಟಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ. ಆ ಸವಾರಿಯ ಮೇಲೆ ಬರೆದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನನ್ಸ್’ 121 ಪ್ರಕಾಶಕರಿಂದ ತಿರಸ್ಕೃತವಾಗಿ 1974ರಲ್ಲಿ ಅಚ್ಚಾಯಿತು. ದಾರಿಯಲ್ಲಿ ಜೊತೆಗಿದ್ದ ಗೆಳೆಯ ಜಾನ್‌ನದು ಬಿಎಂಡಬ್ಲ್ಯು. ಅದರ ಹ್ಯಾಂಡಲ್ ಸಡಿಲಾಗಿ ಜಾರುತ್ತಿತ್ತು. ಪಿರ್ಸಿಗ್ ನೋಡಿ, ಕ್ಲಾಂಪಿನ ಸಂದಿಗೆ ಕೊಡಲು ತೆಳುವಾದ ತಗಡು ಬೇಕು, ನನ್ನ ಹತ್ತಿರ ಇದೆ ಎಂದ. ಯಾವುದು ಎಂದರೆ ಖಾಲಿ ಬಿಯರ್ ಡಬ್ಬಿ! ಅಲ್ಯುಮಿನಿಯಂ ಮೆತ್ತಗಿರುತ್ತದೆ, ಸಂದಿಗೆ ಒತ್ತಿ ಕೂರುತ್ತದೆ, ಮಳೆಗೆ ತುಕ್ಕೂ ಹಿಡಿಯುವುದಿಲ್ಲ. ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ತಗಡಿಲ್ಲ. ಜಾನ್‌ಗೆ ಅವಮಾನವಾಯಿತು. ಅಷ್ಟು ಬೆಲೆಯ ಜರ್ಮನ್ ಗಾಡಿಗೆ ಬಿಯರ್ ಡಬ್ಬಿಯೇ? ಹ್ಯಾಂಡಲ್ ಸಡಿಲಾಗಿಯೇ ಉಳಿಯಿತು. ಆಮೇಲೆ ಪಿರ್ಸಿಗ್ ಯೋಚಿಸುತ್ತಾನೆ: ಡಬ್ಬಿಯ ಮೇಲಿನ ಬಣ್ಣ ಕೆರೆದು, ಇದು ಜರ್ಮನಿಯ ಕ್ರುಪ್ ದೊರೆಯ ಖಾಸಾ ದಾಸ್ತಾನಿನಿಂದ ತರಿಸಿದ ತಗಡು ಎಂದಿದ್ದರೆ ಗೆಳೆಯ ಹಾಕಿಸಿಕೊಂಡು ಕುಣಿಯುತ್ತಿದ್ದ.

ಕುಡ್ಲೆ ಕಡಲತೀರದಲ್ಲಿ ಒಂದು ಸೋಮವಾರ ಹೆಕ್ಕಿದರೆ ಇಡೀ ಜಿಲ್ಲೆಯ ಹ್ಯಾಂಡಲುಗಳಿಗೆ ಆಗುವಷ್ಟು ಕ್ರುಪ್ ತಗಡು ಸಿಗುತ್ತದೆ. ಇನ್ನೂ ಒಂದು ಮಾತು ಗಮನಿಸಿ. ಪಿರ್ಸಿಗ್‌ನದು 305 ಸಿಸಿಯ ಹೋಂಡಾ ಸೂಪರ್ ಹಾಕ್, ಈಗ ಅದು ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಜಾನ್‌ನ ಆರ್60 ಆರುನೂರರ ಹತ್ತಿರದ್ದು. ಅವರಿಬ್ಬರೂ ಇವತ್ತು ಕುಮಟೆಯಲ್ಲಿ ಗಾಡಿ ಕೊಂಡಿದ್ದರೆ ಒಬ್ಬನಿಗೆ 18, ಇನ್ನೊಬ್ಬನಿಗೆ 40 ತೆರಿಗೆ ಬೀಳುತ್ತಿತ್ತು. ಜಿಎಸ್‌ಟಿ ಮಂಡಳಿಯಲ್ಲಿ ನಮ್ಮ ಪಂಥದವರು ಯಾರೋ ಕೂತಿದ್ದಾರೆಂದು ನನಗೆ ಗುಮಾನಿ.

ಭಟ್ಕಳದ ಮಿತ್ರರೇ, ನಿಮ್ಮ ಕೆಲಸ ದಿನಾ ಮುರ್ಡೇಶ್ವರಕ್ಕೆ ಹೋಗಿ ಬರುವುದು ಎಂದು ಬರೆದಿದ್ದೀರಿ. ನೂರು ಸಿಸಿಯದನ್ನೇ ಇಟ್ಟುಕೊಳ್ಳಿ. ಎರಡೂ ಟಯರು ಬದಲಿಸಿ, ಚೈನು-ಸ್ಪ್ರಾಕೆಟ್ ಸೆಟ್ ಹಾಕಿಸಿ, ಐಎಸ್ 4151 ಮುದ್ರೆಯ ಹೆಲ್ಮೆಟ್ ಕೊಳ್ಳಿ, ಹಿಂದೆ ಕೂರುವವರಿಗೂ ಒಂದು. ಇಷ್ಟಾದ ಮೇಲೂ 350ರದ್ದೇ ಬೇಕೆಂದು ಜೀವ ಹಟ ಹಿಡಿದರೆ ತಗೊಳ್ಳಿ, ಬೇಡವೆನ್ನಲು ನಾನ್ಯಾರು? ತಾರಿಗೆ ಬರುವಾಗ ಮಾತ್ರ ಉಬ್ಬರದ ಹೊತ್ತು ಕೇಳಿಕೊಂಡು ಬನ್ನಿ. ಎಂಜಿನ್ ನಿಲ್ಲಿಸಿ, ಮೊದಲ ಗೇರಿನಲ್ಲಿಟ್ಟು, ಮುಂದಿನ ಬ್ರೇಕ್ ಹಿಡಿದು ಗಾಡಿಯ ಪಕ್ಕದಲ್ಲೇ ನಿಲ್ಲಿ. ಆಚೆ ದಡದಲ್ಲಿ ಇಳಿಸಲು ಕೈ ಕೊಟ್ಟವರಿಗೆ ಚಾ ಕೊಡಿಸಿ, ಎಷ್ಟು ಜನ ಬೇಕಾದರೋ ಅಷ್ಟೂ ಜನಕ್ಕೆ.