ಹಾಡು ಯಾವ ಕಪಾಟಿನದು?

ನಮ್ಮೂರಿನ ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ಕ್ಯಾಸೆಟ್ ಅಂಗಡಿಯಿತ್ತು. ತೊಂಬತ್ತರ ದಶಕದ ಮಾತು. ಅಂಗಡಿಯೊಳಗೆ ಮೂರು ಕಪಾಟುಗಳು. ಒಂದರ ಮೇಲೆ 'ಚಿತ್ರಗೀತೆ', ಇನ್ನೊಂದರ ಮೇಲೆ 'ಭಕ್ತಿ-ಭಾವ', ಮೂರನೆಯದರ ಮೇಲೆ 'ಮುಸ್ಲಿಂ' ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ಉರುಸಿನ ಕವ್ವಾಲಿಗಳು, ನಾತ್‌ಗಳು ಮೂರನೆಯ ಕಪಾಟಿನಲ್ಲಿದ್ದವು, ಸರಿಯೇ. ಆದರೆ ಮೆಹದಿ ಹಸನ್ ಹಾಡಿದ ಪ್ರೇಮದ, ವಿರಹದ ಗಜಲ್‌ಗಳೂ ಅಲ್ಲೇ ಇದ್ದವು. ಭಾಷೆ ಉರ್ದು, ಆದ್ದರಿಂದ ಅದು ಮುಸ್ಲಿಂ! ಶಿಶುನಾಳ ಶರೀಫರು ಮಾತ್ರ ಎರಡನೆಯ ಕಪಾಟಿನಲ್ಲಿದ್ದರು. ಭಾಷೆ ಕನ್ನಡ, ಆದ್ದರಿಂದ ಅದು ಭಾವಗೀತೆ!

ಅಂಗಡಿಯವನನ್ನು ದೂರುವ ಉದ್ದೇಶ ನಮಗಿಲ್ಲ. ಗಿರಾಕಿಗೆ ಬೇಗ ಮಾಲು ಸಿಗಬೇಕೆಂದು ಆತ ಹಾಗೆ ಜೋಡಿಸಿದ್ದ. ಅಷ್ಟೇ ಅಲ್ಲ, ತಿಂಗಳಿಗೊಮ್ಮೆ ಹೊಸ ಮಾಲು ಬಂದಾಗ ಒಂದು ಕ್ಯಾಸೆಟನ್ನು ತೆಗೆದು ನಮ್ಮ ಕೈಗಿಟ್ಟು, "ಇದನ್ನೊಮ್ಮೆ ಕೇಳಿ, ಹಿಡಿಸದಿದ್ದರೆ ನಾಳೆ ತಂದುಕೊಡಿ" ಎನ್ನುತ್ತಿದ್ದ. ಕಪಾಟಿನ ಹೆಸರು ಮಾಡದ ಕೆಲಸವನ್ನು ಅವನ ಆ ಒಂದು ಮಾತು ಮಾಡುತ್ತಿತ್ತು. ಇಂದು ಆ ಅಂಗಡಿಯಿಲ್ಲ, ಕ್ಯಾಸೆಟ್ಟೂ ಇಲ್ಲ. ಕಪಾಟುಗಳು ಮಾತ್ರ ಸಾವಿರ ಪಟ್ಟು ಹೆಚ್ಚಿವೆ. ಆ ಮಾತು ಎಲ್ಲಿಗೆ ಹೋಯಿತು ಎಂಬುದು ನಮ್ಮ ಪ್ರಶ್ನೆ.

ಹಾಡುಗಳ ಪಟ್ಟಿಯೆಂಬುದು ನಮ್ಮ ನಾಡಿಗೆ ಹೊಸತಲ್ಲ. 1952ರಲ್ಲಿ ಆಕಾಶವಾಣಿಯು ಚಿತ್ರಗೀತೆಗಳನ್ನು ದೂರವಿಟ್ಟಾಗ ಜನ ರೇಡಿಯೋದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಬುಧವಾರದ ರಾತ್ರಿ ನಮ್ಮ ಹಿರಿಯರು ರೇಡಿಯೋ ಸುತ್ತ ಕೂರುತ್ತಿದ್ದುದು ಹಾಡಿಗಾಗಿ ಮಾತ್ರವಲ್ಲ. ಹಾಡನ್ನು ಅಕ್ಕರೆಯಿಂದ ಪರಿಚಯಿಸುವ ದನಿಗಾಗಿಯೂ ಹೌದು. 2024ರ ಫೆಬ್ರವರಿಯಲ್ಲಿ ಸಯಾನಿ ತೀರಿಕೊಂಡಾಗ ಜನ ನೆನೆದದ್ದು ಯಾವ ಹಾಡು ಮೊದಲ ಸ್ಥಾನದಲ್ಲಿತ್ತು ಎಂಬುದನ್ನಲ್ಲ, ಆ ದನಿಯನ್ನು. ಆದರೆ ಗೀತ್‌ಮಾಲಾ ಗೆದ್ದ ಹಾಡುಗಳ ಪಟ್ಟಿಯಾಗಿತ್ತು. ಯಾರೂ ಕೇಳದ ಹಾಡುಗಾರನಿಗೆ ಅಲ್ಲಿ ಜಾಗವಿರಲಿಲ್ಲ.

ಸಿನಿಮಾದ ಹಂಗಿಲ್ಲದೆ, ದೊಡ್ಡ ಕಂಪೆನಿಗಳ ಹಣವಿಲ್ಲದೆ, ತಮ್ಮದೇ ಕೋಣೆಯಲ್ಲಿ ಧ್ವನಿಮುದ್ರಿಸಿ ಲೋಕಕ್ಕೆ ಬಿಡುವವರನ್ನು ಈಗ ಸ್ವತಂತ್ರ ಸಂಗೀತಗಾರರು ಎನ್ನುತ್ತಾರೆ. ಇವರನ್ನು ಹುಡುಕುವುದು ಹೇಗೆ? 2022ರ ಹೊತ್ತಿಗೇ ಅಂತರಜಾಲದ ಸಂಗೀತ ಸೇವೆಗಳಿಗೆ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಹಾಡುಗಳು ಸೇರುತ್ತಿವೆ ಎಂದು ದೊಡ್ಡ ಸಂಗೀತ ಕಂಪೆನಿಗಳ ಮುಖ್ಯಸ್ಥರೇ ಹೇಳಿದ್ದರು. ಒಂದು ದಿನದ ಹಾಡುಗಳನ್ನು ಕೇಳಿ ಮುಗಿಸಲು ಹಗಲಿರುಳು ಕೂತರೂ ತಿಂಗಳುಗಳು ಬೇಕು. ಈ ಮಹಾಪೂರದಲ್ಲಿ ದೋಣಿಯಿಲ್ಲದೆ ಇಳಿಯುವಂತಿಲ್ಲ.

ಅಂಥ ದೋಣಿಯೊಂದು ಬ್ಯಾಂಡ್‌ಕ್ಯಾಂಪ್. 2008ರಲ್ಲಿ ಅಮೆರಿಕದಲ್ಲಿ ಶುರುವಾದ ಈ ತಾಣದಲ್ಲಿ ಸಂಗೀತಗಾರ ತನ್ನ ಹಾಡನ್ನು ತಾನೇ ಬೆಲೆ ಕಟ್ಟಿ ಮಾರುತ್ತಾನೆ. ಮಾರಿದ ಹಾಡಿಗೆ ನೂರಕ್ಕೆ 15ರಷ್ಟು ಕಮಿಷನ್, ಮಾರಾಟ ಹೆಚ್ಚಾದರೆ 10. 2020ರ ಮಾರ್ಚ್ 20ರಂದು, ಕೊರೊನಾದಿಂದ ಕಛೇರಿಗಳೆಲ್ಲ ನಿಂತಿದ್ದಾಗ, ಒಂದು ಶುಕ್ರವಾರ ತನ್ನ ಪಾಲನ್ನೂ ಬಿಟ್ಟುಕೊಟ್ಟಿತು. ಆ ಪದ್ಧತಿ ಅನಂತರವೂ ಮುಂದುವರಿಯಿತು. ಆದರೆ ನಮ್ಮನ್ನು ಸೆಳೆದದ್ದು ಈ ಲೆಕ್ಕವಲ್ಲ. 2016ರಿಂದ ಈ ತಾಣ ಒಂದು ಪತ್ರಿಕೆಯನ್ನೂ ನಡೆಸುತ್ತಿದೆ. ಅದರಲ್ಲಿ ಜಾಝ್, ಹಿಪ್‌ಹಾಪ್, ಮೆಟಲ್, ಆಂಬಿಯೆಂಟ್, ಸಮಕಾಲೀನ ಶಾಸ್ತ್ರೀಯ ಹೀಗೆ ಪ್ರಕಾರಕ್ಕೊಂದು ತಿಂಗಳ ಪಟ್ಟಿ. ಪಟ್ಟಿಯ ಮೇಲೆ ಆಯ್ದವರ ಹೆಸರಿರುತ್ತದೆ. ಪ್ರತಿ ಆಲ್ಬಮ್ಮಿನ ಬಗ್ಗೆ ಒಂದು ಪ್ಯಾರಾ ಇರುತ್ತದೆ. ಈ ವಾದಕ ಎಲ್ಲಿಯವನು, ಏನು ಮಾಡಲು ಹೊರಟಿದ್ದಾನೆ, ಎಲ್ಲಿ ಗೆದ್ದಿದ್ದಾನೆ ಎಂಬ ನಾಲ್ಕು ಸಾಲು. ಕೆಳಗೆ ಹಾಡು. ಓದಿ, ಕೇಳಿ, ಹಿಡಿಸಿದರೆ ಕೊಳ್ಳಿ.

ಇದನ್ನು ಓದುವಾಗ ನಮಗೆ ಆ ಕ್ಯಾಸೆಟ್ ಅಂಗಡಿಯವನು ನೆನಪಾಗುತ್ತಾನೆ. ಯಾರೋ ಒಬ್ಬರು ನೂರಾರು ಹಾಡು ಕೇಳಿ, ಹತ್ತನ್ನು ಆರಿಸಿ, "ಇದನ್ನೊಮ್ಮೆ ಕೇಳಿ" ಎಂದು ತಮ್ಮ ಹೆಸರನ್ನು ಒತ್ತೆಯಿಟ್ಟು ಹೇಳುತ್ತಿದ್ದಾರೆ. ವಿಮರ್ಶೆಯೆಂದರೆ ಕೊನೆಗೂ ಇಷ್ಟೇ ಅಲ್ಲವೇ? ತಪ್ಪು ಆಯ್ಕೆ ಮಾಡಿದರೆ ಮುಂದಿನ ತಿಂಗಳು ಓದುಗ ಅವರನ್ನು ನಂಬುವುದಿಲ್ಲ. ಆ ಅಂಜಿಕೆಯೇ ಪಟ್ಟಿಯ ಮರ್ಯಾದೆ.

ಇನ್ನೊಂದು ಬಗೆಯ ಪಟ್ಟಿಯಿದೆ. 2015ರ ಜುಲೈಯಲ್ಲಿ ಸ್ಪಾಟಿಫೈ ಪ್ರತಿ ಸೋಮವಾರ ಪ್ರತಿ ಕೇಳುಗನಿಗೂ ಬೇರೆ ಬೇರೆಯಾದ 30 ಹಾಡುಗಳ ಪಟ್ಟಿ ಕೊಡಲು ಶುರುಮಾಡಿತು. 2019ರ ಫೆಬ್ರವರಿಯಲ್ಲಿ ಭಾರತಕ್ಕೂ ಬಂತು. ಲೆಕ್ಕಾಚಾರದ ಯಂತ್ರ ಮಾಡುವ ಪಟ್ಟಿಯಿದು. ಇದರಿಂದಲೂ ನಮಗೆ ಒಳ್ಳೆಯ ಹಾಡುಗಳು ಸಿಕ್ಕಿವೆ, ಸುಳ್ಳು ಹೇಳಬಾರದು. ಆದರೆ ಈ ಹಾಡು ಏಕೆ ಎಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ. ನೀವು ನಿನ್ನೆ ಕೇಳಿದ್ದರ ನೆರಳನ್ನೇ ಅದು ಇಂದು ನಿಮಗೆ ಕೊಡುತ್ತದೆ. 2020ರಲ್ಲಿ ಇದೇ ಕಂಪೆನಿ ಇನ್ನೊಂದು ವ್ಯವಸ್ಥೆ ತಂದಿತು: ಹಾಡಿನ ಹಕ್ಕುದಾರರು ಕಡಿಮೆ ಸಂಭಾವನೆಗೆ ಒಪ್ಪಿದರೆ ಅವರ ಹಾಡನ್ನು ಯಂತ್ರ ಹೆಚ್ಚು ಜನರ ಮುಂದಿಡುತ್ತದೆ. 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಸಂಭಾವನೆಯೇ ಇಲ್ಲ. ಯಾರಿಗೆ ದಾರಿ ತೋರಿಸಬೇಕಿತ್ತೋ ಅವರನ್ನೇ ದಾರಿಯ ಸುಂಕ ಕೇಳುವ ವ್ಯವಹಾರವಿದು.

ಹಾಗಾದರೆ ಮನುಷ್ಯರ ಪಟ್ಟಿಯೆಲ್ಲ ಹಾಲು, ಯಂತ್ರದ ಪಟ್ಟಿಯೆಲ್ಲ ನೀರು ಎಂದು ತೀರ್ಮಾನಿಸಿ ಸುಮ್ಮನಾಗಬಹುದೇ? ಆಗದು. ಪ್ರಕಾರ ಎಂಬ ಪದವೇ ಇಬ್ಬರಿಗೂ ತೊಡಕು.

ಅರೂಜ್ ಆಫ್ತಾಬ್ ಎಂಬ ಗಾಯಕಿಯನ್ನೇ ನೋಡಿ. ಸೌದಿ ಅರೇಬಿಯಾದಲ್ಲಿ ಹುಟ್ಟಿ, ಲಾಹೋರಿನಲ್ಲಿ ಬೆಳೆದು, ಬೋಸ್ಟನ್ನಿನಲ್ಲಿ ಸಂಗೀತ ಕಲಿತು, ನ್ಯೂಯಾರ್ಕಿನಲ್ಲಿ ನೆಲೆನಿಂತವರು. 2021ರಲ್ಲಿ ಒಂದು ಸಣ್ಣ ಸ್ವತಂತ್ರ ಸಂಸ್ಥೆಯಿಂದ ಅವರ 'ವಲ್ಚರ್ ಪ್ರಿನ್ಸ್' ಬಂತು. ತೀರಿಹೋದ ತಮ್ಮನ ನೆನಪಿಗೆ ಅರ್ಪಿಸಿದ ಆಲ್ಬಮ್ಮಿದು. ಅದರಲ್ಲಿನ 'ಮೊಹಬ್ಬತ್' ಹಫೀಜ್ ಹೋಶಿಯಾರ್‌ಪುರಿಯವರ ಗಜಲ್. ನಮ್ಮೂರ ಮೂರನೆಯ ಕಪಾಟಿನಲ್ಲಿ ಮೆಹದಿ ಹಸನ್‌ರ ದನಿಯಲ್ಲಿದ್ದ ಅದೇ ಗಜಲ್! ಉರ್ದು ಶಾಲೆಯಲ್ಲಿ ಕಲಿತ ನಮಗೆ ಅದರ ಪದಗಳು ಬಾಯಿಪಾಠ. ಆದರೂ ಮೊದಲ ಸಲ ಕೇಳಿದಾಗ ಗುರುತು ಹತ್ತಲು ಹೊತ್ತು ಹಿಡಿಯಿತು. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ. ಗಿಟಾರಿನ ಸುತ್ತ ನಿಧಾನವಾಗಿ ತಿರುಗುವ, ಏಳು ನಿಮಿಷಕ್ಕೂ ಮೀರಿದ ಒಂದು ಮಗ್ನತೆ. ಮೆಹದಿ ಹಸನ್ ಒಂದೊಂದು ಪದವನ್ನೂ ಬಿಡಿಸಿ, ತಿರುಗಿಸಿ ತೋರಿಸುತ್ತಾರೆ. ಆಫ್ತಾಬ್ ಪದವನ್ನು ಹೇಳಿ ಸುಮ್ಮನಾಗುತ್ತಾರೆ. ಆ ಮೌನದಲ್ಲಿ ಸಾವಿನ ಮನೆಯ ನಿಶ್ಶಬ್ದವಿದೆ. ಪ್ರೇಮದ ಗಜಲ್ ಶೋಕದ ಗಜಲ್ ಆದದ್ದು ಹೀಗೆ.

ಇದನ್ನು ಎಲ್ಲಿಡುವುದು? ಗ್ರ್ಯಾಮಿ ಪ್ರಶಸ್ತಿಯವರು 2022ರಲ್ಲಿ 'ಜಾಗತಿಕ ಸಂಗೀತ' ಎಂಬ ವಿಭಾಗದಲ್ಲಿಟ್ಟು ಬಹುಮಾನ ಕೊಟ್ಟರು. ಗ್ರ್ಯಾಮಿ ಗೆದ್ದ ಮೊದಲ ಪಾಕಿಸ್ತಾನಿ ಎಂದು ಪತ್ರಿಕೆಗಳು ಬರೆದವು. 2023ರಲ್ಲಿ ವಿಜಯ್ ಅಯ್ಯರ್, ಶಹಜಾದ್ ಇಸ್ಮಾಯಿಲಿ ಅವರೊಂದಿಗೆ ಹಾಡಿದ 'ಲವ್ ಇನ್ ಎಕ್ಸೈಲ್' ಪರ್ಯಾಯ ಜಾಝ್ ವಿಭಾಗದಲ್ಲಿ ನಾಮನಿರ್ದೇಶನಗೊಂಡಿತು. 2024ರ 'ನೈಟ್ ರೇನ್' ಕೂಡ ಅದೇ ವಿಭಾಗಕ್ಕೆ ಹೋಯಿತು, ಅದರ 'ರಾತ್ ಕಿ ರಾನಿ' ಎಂಬ ಹಾಡು ಮಾತ್ರ ಮತ್ತೆ ಜಾಗತಿಕ ವಿಭಾಗಕ್ಕೆ! ಒಂದೇ ಗಂಟಲು, ಎರಡು ಕಪಾಟು. ಮೂಗಿಗಿಂತ ಮೂಗುತಿ ಭಾರವಾಯಿತು ಎನ್ನುವುದು ಇದಕ್ಕೇ.

ಈ 'ಜಾಗತಿಕ' ಎಂಬ ಕಪಾಟಿನ ಹುಟ್ಟನ್ನು ತಿಳಿದರೆ ಒಳ್ಳೆಯದು. 1987ರ ಬೇಸಗೆಯಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ಸಣ್ಣ ಸಂಗೀತ ಕಂಪೆನಿಗಳ ಕೆಲವರು ಸೇರಿದರು. ಆಫ್ರಿಕಾದ, ಏಷ್ಯಾದ ರೆಕಾರ್ಡುಗಳನ್ನು ಎಲ್ಲಿಡಬೇಕೆಂದು ಅಂಗಡಿಗಳಿಗೆ ತಿಳಿಯುತ್ತಿಲ್ಲ, ಅದಕ್ಕೊಂದು ಹೆಸರು ಬೇಕು ಎಂದು ಚರ್ಚಿಸಿ, 'ವರ್ಲ್ಡ್ ಮ್ಯೂಸಿಕ್' ಎಂದು ನಿರ್ಧರಿಸಿದರು. ದುರುದ್ದೇಶವಿರಲಿಲ್ಲ. ಅದರಿಂದ ನುಸ್ರತ್ ಫತೇ ಅಲಿ ಖಾನರಂಥವರಿಗೆ ಹೊಸ ಕೇಳುಗರು ಸಿಕ್ಕರು, ಅದೂ ನಿಜ. ಆದರೆ ಯುರೋಪಿನ ಹಾಡು ರಾಕ್, ಪಾಪ್, ಜಾಝ್ ಎಂದು ತನ್ನ ಗುಣದ ಹೆಸರಿನಿಂದ ನಿಂತಿತು. ಉಳಿದ ಲೋಕದ ಹಾಡೆಲ್ಲ 'ಲೋಕದ ಹಾಡು' ಎಂಬ ಒಂದೇ ಚೀಲಕ್ಕೆ ಬಿತ್ತು. ನಮ್ಮಲ್ಲೂ ಹಾಗೆಯೇ. ಉರ್ದುವಿನ ಎರಡು ಪದ, ಒಂದಿಷ್ಟು 'ಮೌಲಾ' ಎಂಬ ಕೂಗು ಇದ್ದರೆ ಅದು 'ಸೂಫಿ' ಪ್ರಕಾರ. ಇತ್ತ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ರಘು ದೀಕ್ಷಿತ್ ಶರೀಫರನ್ನು ಗಿಟಾರಿನೊಂದಿಗೆ ಹಾಡಿದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲೂ ಹಾಡಿದರು. ಅದಕ್ಕೆ 'ಜಾನಪದ ರಾಕ್' ಎಂದು ಚೀಟಿ ಅಂಟಿತು. ಗೋವಿಂದ ಭಟ್ಟರ ಶಿಷ್ಯರಾದ ಶರೀಫರು ಬದುಕಿದ್ದಾಗಲೇ ಯಾವ ಕಪಾಟಿಗೂ ಹಿಡಿಸಿರಲಿಲ್ಲ. 1889ರಲ್ಲಿ ಅವರು ತೀರಿಕೊಂಡು ಇಷ್ಟು ಕಾಲವಾದರೂ ನಾವು ಅವರಿಗೆ ಕಪಾಟು ಹುಡುಕುತ್ತಲೇ ಇದ್ದೇವೆ.

ಈ ವಿಷಯದಲ್ಲಿ ನಮಗೆ ಇಷ್ಟು ಕಳವಳ ಏಕೆಂದು ಓದುಗರು ಕೇಳಬಹುದು. ಕಾರಣವಿದೆ. ಕೆಲವು ವರ್ಷಗಳ ಹಿಂದೆ ಸಂಕಲನವೊಂದಕ್ಕೆ ನಮ್ಮಿಂದ ಕಥೆ ಕೇಳಿದ್ದರು. ರೈಲ್ವೆ ಗೇಟು ಕಾಯುವ ನಾಗಪ್ಪನೆಂಬ ಮುದುಕನ ಕಥೆ ಕಳಿಸಿದೆವು. "ಕಥೆ ಚೆನ್ನಾಗಿದೆ, ಆದರೆ ಇದರಲ್ಲಿ ನಿಮ್ಮವರ ಬದುಕು ಬಂದಿಲ್ಲವಲ್ಲ" ಎಂದು ಉತ್ತರ ಬಂತು. ನಾಗಪ್ಪ ನಮ್ಮವನಲ್ಲವೆಂದು ಅಂದೇ ನಮಗೆ ಗೊತ್ತಾದದ್ದು! ಆದರೆ ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ನಮ್ಮ ಮೊದಲ ಕಥೆ ಅಚ್ಚಾದದ್ದು ಮುಸ್ಲಿಂ ಲೇಖಕರ ವಿಶೇಷ ಸಂಚಿಕೆಯೊಂದರಲ್ಲಿ. ಆ ಕಪಾಟು ಇಲ್ಲದಿದ್ದರೆ ನಮ್ಮನ್ನು ಆಗ ಯಾರು ಓದುತ್ತಿದ್ದರು? ಹೆಸರಿಲ್ಲದವನಿಗೆ ಕಪಾಟು ಬಾಗಿಲಾಗುತ್ತದೆ. ಒಳಬಂದ ಮೇಲೆ ಅದೇ ಗೋಡೆಯಾಗುತ್ತದೆ.

ಪ್ರಕಾರದ ತಿಂಗಳ ಪಟ್ಟಿಯ ಗುಣ, ದೋಷ ಎರಡೂ ಇಷ್ಟರಲ್ಲೇ ಇವೆ. ಜಾಝ್ ಎಂಬ ಬಾಗಿಲಿಲ್ಲದಿದ್ದರೆ ಅಪರಿಚಿತ ಊರಿನ ಕಹಳೆಯವನ ಬಳಿಗೆ ನಾವು ಹೋಗುತ್ತಿರಲಿಲ್ಲ. ಒಳ್ಳೆಯ ಪಟ್ಟಿಗಾರ ಬಾಗಿಲಿನ ಮೇಲೆ ಹೆಸರು ಬರೆದು, ಒಳಗೆ ಹೋದವರಿಗೆ ಪಕ್ಕದ ಕೋಣೆಯ ಕಿಟಕಿಯನ್ನೂ ತೆರೆದು ತೋರಿಸುತ್ತಾನೆ. ತಾನು ಬರೆಯುವ ನಾಲ್ಕು ಸಾಲಿನಲ್ಲಿ, 'ಇದು ಈ ಕಪಾಟಿಗೆ ಪೂರ್ತಿ ಸೇರುವುದಿಲ್ಲ, ಆದರೂ ಕೇಳಿ' ಎನ್ನುವ ಧೈರ್ಯ ಅವನಿಗಿದೆ. ಯಂತ್ರಕ್ಕೆ ಆ 'ಆದರೂ' ಎಂಬ ಪದ ತಿಳಿಯದು. ಸ್ಪಾಟಿಫೈಯಲ್ಲಿ ಗ್ಲೆನ್ ಮೆಕ್‌ಡೊನಾಲ್ಡ್ ಎಂಬವರು 6,000ಕ್ಕೂ ಹೆಚ್ಚು ಪ್ರಕಾರಗಳನ್ನು ಗುರುತಿಸಿ ಒಂದು ಮಹಾನಕ್ಷೆ ಮಾಡಿದ್ದರು. 2023ರ ಡಿಸೆಂಬರಿನಲ್ಲಿ ನೌಕರರನ್ನು ತೆಗೆದುಹಾಕಿದಾಗ ಅವರೂ ಹೋದರು. ನಕ್ಷೆಯ ಹಿಂದೆಯೂ ಒಬ್ಬ ಮನುಷ್ಯನೇ ಇದ್ದ ಎಂದು ಹಲವರಿಗೆ ತಿಳಿದದ್ದು ಆಗಲೇ.

ಬ್ಯಾಂಡ್‌ಕ್ಯಾಂಪೂ ಸ್ವರ್ಗವಲ್ಲ. 2022ರಲ್ಲಿ ಅದನ್ನು ವಿಡಿಯೋ ಗೇಮ್ ಕಂಪೆನಿ ಎಪಿಕ್ ಕೊಂಡಿತು. ಮರುವರ್ಷ ಸಾಂಗ್‌ಟ್ರೇಡರ್ ಎಂಬ ಕಂಪೆನಿಗೆ ಮಾರಿತು. ಆಗ ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ಅಲ್ಲದೆ ಪಟ್ಟಿಯ ಭಾಷೆ ಇಂಗ್ಲಿಷ್, ಕಿವಿ ಬಹುಮಟ್ಟಿಗೆ ಅಮೆರಿಕ, ಯುರೋಪುಗಳದು. ಧಾರವಾಡದ ಕೋಣೆಯೊಂದರಲ್ಲಿ ಕನ್ನಡದ ಹಾಡು ಕಟ್ಟುವ ಹುಡುಗಿ, ಕಲಬುರಗಿಯಲ್ಲಿ ದಖನಿ ಉರ್ದುವಿನಲ್ಲಿ ರ‍್ಯಾಪ್ ಬರೆಯುವ ಹುಡುಗ ಆ ಕಿವಿಗೆ ಬೀಳುವುದು ಯಾವಾಗ? ಬಿದ್ದರೂ 'ಜಾಗತಿಕ' ಎಂಬ ಚೀಲದೊಳಗೇ ಅಲ್ಲವೇ?

ಆ ಕೆಲಸ ಅವರದಲ್ಲ, ನಮ್ಮದು. ಕನ್ನಡದ ಪತ್ರಿಕೆಗಳು ಸಿನಿಮಾ ಹಾಡಿಗೆ ಪುಟಗಟ್ಟಲೆ ಜಾಗ ಕೊಡುತ್ತವೆ. ಹೊಸ ಪುಸ್ತಕಗಳಿಗೆ 'ಸ್ವಾಗತ' ಅಂಕಣವಿದೆ. ಸಿನಿಮಾದ ಹೊರಗೆ ಹಾಡುವವರಿಗೆ ತಿಂಗಳಿಗೊಂದು ಪುಟ, ಐದೇ ಐದು ಹಾಡು, ಹಾಡಿಗೆ ನಾಲ್ಕು ಸಾಲು, ಕೆಳಗೆ ಆರಿಸಿದವರ ಹೆಸರು ಇದ್ದರೆ ಯಾರ ಗಂಟು ಹೋಗುತ್ತದೆ?

ಹಳೆಯ ಮುಶಾಯಿರಾಗಳಲ್ಲಿ ಒಂದು ರಿವಾಜಿತ್ತು. ಉರಿಯುವ ಶಮೆಯನ್ನು ಯಾರ ಮುಂದಿಡುತ್ತಾರೋ ಆ ಕವಿಯ ಸರದಿ. ದೀಪ ಒಂದೇ, ಕವಿಗಳು ಹಲವರು. ಅದನ್ನು ಎತ್ತಿ ಮುಂದಿಡಲು ಒಂದು ಕೈ ಬೇಕಿತ್ತು. ಆ ಕೈ ಯಾರದೆಂದು ಸಭೆಗೆಲ್ಲ ಕಾಣುತ್ತಿತ್ತು.