ಅಕ್ಷರ ಕೇಳಬೇಕು

ಯೇಸುದಾಸ್ ದೊಡ್ಡ ಗಾಯಕರು, ಅದರಲ್ಲಿ ತಕರಾರಿಲ್ಲ. ಆದರೆ ಮಲಯಾಳದಿಂದ ಬಂದು ಕನ್ನಡದಲ್ಲಿ ಹಾಡಿದವರ ಪೈಕಿ ನನ್ನ ಮೊದಲ ವೋಟು ಪಿ. ಜಯಚಂದ್ರನ್ ಅವರಿಗೆ. ಈ ಮಾತಿಗೆ ಕಾಲೇಜಿನಲ್ಲಿ ಆಗಾಗ ಜಗಳವಾಗುವುದುಂಟು. ಮಲಯಾಳಿ ಗೆಳೆಯರಿಗೆ ಯೇಸುದಾಸ್ ಎಂದರೆ ‘ದಾಸೇಟ್ಟನ್’, ಅಲ್ಲಿಗೆ ಚರ್ಚೆ ಮುಗಿಯಿತು. ಕನ್ನಡದ ಗೆಳೆಯರಿಗೆ ಜಯಚಂದ್ರನ್ ಕನ್ನಡದಲ್ಲಿ ಹಾಡಿದ್ದಾರೆ ಎಂಬುದೇ ಹೊಸ ಸುದ್ದಿ. ಫೋನಿನಲ್ಲಿ ಹಾಕಿ ಕೇಳಿಸಿದರೆ, ‘ಓ, ಇದು ಇವರದ್ದಾ? ನಮ್ಮ ಕಡೆಯವರು ಯಾರೋ ಅಂದುಕೊಂಡಿದ್ದೆ’ ಅನ್ನುತ್ತಾರೆ. ನಾನು ಹೇಳುವುದೂ ಅದನ್ನೇ.

ಪಾಪ್ಯುಲರ್ ಹಾಡಿನ ವಿಷಯದಲ್ಲಿ ಕಾಸರಗೋಡು ಜಿಲ್ಲೆಯ ನಮ್ಮ ಮುಳ್ಳೇರಿಯದವರ ಕಿವಿ ಸ್ವಲ್ಪ ಚೇಷ್ಟೆಯದ್ದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸು ಹತ್ತಿದರೆ ಮಲಯಾಳ. ಚೆರ್ಕಳ–ಜಾಲ್ಸೂರು ರಸ್ತೆಯ ಖಾಸಗಿ ಬಸ್ಸುಗಳಲ್ಲಿ ಹಾಡು ಆರಿಸುವ ಹಕ್ಕು ಡ್ರೈವರನದ್ದು. ಕನ್ಸೆಶನ್ ಕಾರ್ಡಿನವರಿಗೆ ಸೀಟು ಸಿಗುವುದು ಅಪರೂಪ. ಮುಂದಿನ ಕಂಬಿ ಹಿಡಿದು ನಿಂತರೆ ಸ್ಪೀಕರ್ ಸರಿಯಾಗಿ ನೆತ್ತಿಯ ಮೇಲೆ. ಬೋವಿಕಾನ ಬರುವಷ್ಟರಲ್ಲಿ ಒಂದು ಮಾಪ್ಪಿಳಪಾಟ್ಟು, ಒಂದು ಇಳಯರಾಜ, ಸುಶಿನ್ ಶ್ಯಾಮ್ ಅವರ ಹೊಸದೊಂದು, ಎಲ್ಲ ಕಿವಿಗೆ ಬಿದ್ದಾಗಿರುತ್ತದೆ. ಎರಡೂ ಭಾಷೆ ಬಲ್ಲವರಿಗೆ ಒಂದು ಭಾಷೆಯವರು ಇನ್ನೊಂದರಲ್ಲಿ ಹಾಡುವಾಗ ಎಲ್ಲಿ ಎಡವುತ್ತಾರೆ ಎಂಬುದು ತಟ್ಟನೆ ಗೊತ್ತಾಗುತ್ತದೆ. ಇದು ನಮಗೆ ಪುಕ್ಕಟೆ ಸಿಕ್ಕಿದ ವಿದ್ಯೆ.

ಎಡವುವ ಜಾಗಗಳು ಮುಖ್ಯವಾಗಿ ಎರಡು. ಗ, ದ, ಬ ಇಂಥ ಅಕ್ಷರಗಳಿಂದ ಶುರುವಾಗುವ ಸಂಸ್ಕೃತ ಪದಗಳಲ್ಲಿ ಮಲಯಾಳದ ನಾಲಗೆ ಅಕಾರವನ್ನು ಎಕಾರದತ್ತ ಎಳೆಯುತ್ತದೆ. ಗಂಧ ಹೋಗಿ ಗೆಂಧ, ಬಲ ಹೋಗಿ ಬೆಲ. ಎರಡನೆಯದು ಪದದ ಕೊನೆಯ ಉಕಾರ. ಕನ್ನಡದಲ್ಲಿ ಅದು ತುಂಬಿದ ಉಕಾರ. ಮಲಯಾಳದಲ್ಲಿ ಅನೇಕ ಕಡೆ ತುಟಿ ದುಂಡಾಗದೆ ಅರ್ಧಕ್ಕೇ ನಿಲ್ಲುತ್ತದೆ. ಯೇಸುದಾಸ್ ಕೆಳಸ್ಥಾಯಿಗೆ ಇಳಿದು ಸಾಲು ಮುಗಿಸುವಾಗ ಈ ಅರೆ ಉಕಾರದ ನೆರಳು ನನ್ನ ಕಿವಿಗೆ ತಾಗುವುದುಂಟು. 1986ರ ‘ಮಲಯ ಮಾರುತ’ದ ಹಾಡುಗಳಲ್ಲಿ ಅವರ ನಾದ ಎಷ್ಟು ವಿಶಾಲ ಎಂದರೆ ಯಾರಿಗೂ ಆ ನೆರಳು ಲೆಕ್ಕಕ್ಕೆ ಬರುವುದಿಲ್ಲ. ಹುಳುಕು ಹುಡುಕುವ ನನ್ನಂಥವರಿಗೆ ಮಾತ್ರ ಬರುತ್ತದೆ.

ಈಗ ಪುಟ್ಟಣ್ಣ ಕಣಗಾಲರ ‘ಅಮೃತ ಘಳಿಗೆ’ (1984) ಚಿತ್ರದಲ್ಲಿ ಜಯಚಂದ್ರನ್ ಹಾಡಿದ ದೇಶಭಕ್ತಿಯ ಹಾಡನ್ನು ಕೇಳಿ. ಸಂಗೀತ ವಿಜಯಭಾಸ್ಕರ್. ಶಾಲೆಗಳಲ್ಲಿ ಇಂದಿಗೂ ಹಾಡಿಸುವ ಹಾಡಾದ್ದರಿಂದ ಹೆಸರು ಹೇಳಬೇಕಾಗಿಲ್ಲ. ಮಹಾಪ್ರಾಣಗಳೆಲ್ಲ ನೆಟ್ಟಗೆ ನಿಂತಿವೆ, ಆದರೆ ಎಲ್ಲಿಯೂ ಉಸಿರು ಉಗುಳಿದ ಸದ್ದಿಲ್ಲ. ಒತ್ತಕ್ಷರದ ಮೇಲೆ ಕೂದಲೆಳೆಯಷ್ಟು ಹೊತ್ತು ನಿಂತು ಮುಂದೆ ಹೋಗುತ್ತಾರೆ. ದೇಶಭಕ್ತಿ ಎಂದೊಡನೆ ಎದೆಯುಬ್ಬಿಸಿ ಕೂಗುವವರ ನಡುವೆ ಇವರು ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗೆ ಹಾಡುತ್ತಾರೆ. 1970ರ ‘ರಂಗಮಹಲ್ ರಹಸ್ಯ’ದಲ್ಲಿ ಎಸ್. ಜಾನಕಿಯವರ ಜೊತೆಗಿನ ಯುಗಳಗೀತೆಯಲ್ಲೂ ಇದೇ ಸಂಯಮ.

ಇದರ ಗುಟ್ಟು ಮೃದಂಗದಲ್ಲಿದೆ ಎಂಬುದು ನನ್ನ ವಾದ. 1958ರ ಕೇರಳ ರಾಜ್ಯ ಶಾಲಾ ಯುವಜನೋತ್ಸವದಲ್ಲಿ ಶಾಸ್ತ್ರೀಯ ಹಾಡುಗಾರಿಕೆಗೆ ಮೊದಲ ಬಹುಮಾನ ಬಂದದ್ದು ಯೇಸುದಾಸ್ ಎಂಬ ಹುಡುಗನಿಗೆ, ಮೃದಂಗಕ್ಕೆ ಮೊದಲ ಬಹುಮಾನ ಜಯಚಂದ್ರನ್ ಎಂಬ ಹುಡುಗನಿಗೆ. ಒಬ್ಬ ಹಾಡುತ್ತಿರುವ, ಇನ್ನೊಬ್ಬ ಪಕ್ಕದಲ್ಲಿ ಮೃದಂಗ ನುಡಿಸುತ್ತಿರುವ ಆ ಕಪ್ಪು–ಬಿಳುಪು ಫೋಟೋ ಕೇರಳದಲ್ಲಿ ಎಲ್ಲರಿಗೂ ಪರಿಚಿತ. ತಾಳ ಕೈಯಲ್ಲಿದ್ದವನಿಗೆ ಅಕ್ಷರವನ್ನು ಎಲ್ಲಿ ಇಡಬೇಕೆಂದು ತಿಳಿದಿರುತ್ತದೆ. ಸ್ವರದ ಹಿಂದೆ ಓಡಿ ಅಕ್ಷರವನ್ನು ಕಳೆದುಕೊಳ್ಳುವುದಿಲ್ಲ. ಆ ಉತ್ಸವವೇ ಇಂದಿನ ಶಾಲಾ ಕಲೋತ್ಸವ. 2019ರಲ್ಲಿ ಅದರ ಅರುವತ್ತನೆಯದು ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲಿ ನಡೆಯಿತು. ಕಲೋತ್ಸವದಲ್ಲಿ ಈಗ ಯಕ್ಷಗಾನವೂ ಒಂದು ಸ್ಪರ್ಧೆ. 2025ರ ಜನವರಿ 9ರಂದು ಜಯಚಂದ್ರನ್ ತೀರಿಕೊಂಡಾಗ ಮಲಯಾಳ ಚಾನೆಲ್‌ಗಳು ಇಡೀ ದಿನ ಅವರನ್ನೇ ಹಾಡಿಸಿದವು. ನಮ್ಮ ಕಡೆಯ ಪತ್ರಿಕೆಗಳು ಅವರ ಕನ್ನಡ ಹಾಡುಗಳಿಗೆ ಇನ್ನಷ್ಟು ಜಾಗ ಕೊಡಬಹುದಿತ್ತು.

‘ಅಕ್ಷರ ಅಕ್ಷರ ಎಂದು ಯಾಕೆ ಬಡಕೊಳ್ಳುತ್ತೀ ಮಾರಾಯ’ ಎಂದು ಕೇಳುವವರಿದ್ದಾರೆ. ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಬೇರೆ ಅಳತೆಗೋಲು ಎಲ್ಲಿಂದ ಬರಬೇಕು? ಭಾಗವತರು ಹಾಡಿದ ಪದದ ಮೇಲೆಯೇ ವೇಷಧಾರಿ ಮಾತು ಕಟ್ಟುವುದು. ಪದದ ಸಾಹಿತ್ಯ ಸಭೆಗೆ ತಲುಪದಿದ್ದರೆ ಮುಂದಿನ ಅರ್ಥಕ್ಕೆ ಬುಡವೇ ಇಲ್ಲ. ನಮ್ಮ ಜಿಲ್ಲೆಯ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ದಶಕಗಳ ಕಾಲ ಕಟೀಲು ಮೇಳದಲ್ಲಿ ಹಾಡಿದವರು. ಅದೇ ಹೆಸರಿನ ಅಜ್ಜ, ಹಿರಿಯ ಬಲಿಪರಿಂದ ಬಂದದ್ದು ಅವರ ಶೈಲಿ, ಮೈಕ್ ಇಲ್ಲದ ಕಾಲದಲ್ಲಿ ಬಯಲಿನ ಕೊನೆಯ ಸಾಲಿಗೂ ಮುಟ್ಟಿಸಬೇಕಾಗಿದ್ದ ಶಾರೀರ. ಮೊದಲ ಬಾರಿ ಕೇಳುವವರಿಗೆ ಒರಟು ಅನಿಸಬಹುದು. ನನಗೂ ಮೊದಲು ರುಚಿಸಿರಲಿಲ್ಲ. ಆದರೆ ಏರುಶ್ರುತಿಯ ಆ ಕಂಠದಲ್ಲಿ ಒಂದಕ್ಷರವೂ ಚಂಡೆಯ ಅಡಿಗೆ ಬೀಳುವುದಿಲ್ಲ. ಅವರು 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಈಗಿನ ಹುಡುಗರಿಗೆ ಭಾಗವತಿಕೆ ಎಂದರೆ ಪಟ್ಲ ಸತೀಶ ಶೆಟ್ಟಿ. ಅವರು ಆಲಾಪಕ್ಕೆ ತೊಡಗಿದರೆ ಸಾಕು, ಕತ್ತಲಲ್ಲಿ ಸಾಲು ಸಾಲು ಫೋನುಗಳು ಮೇಲೇಳುತ್ತವೆ. ಯಾವ ಸಿನಿಮಾ ಗಾಯಕನಿಗೂ ಕಡಿಮೆ ಇಲ್ಲದ ತಾರೆ. ಕಂಠ ಇಂಪಾದದ್ದು, ನಿಜ. ಆಲಾಪ ಉದ್ದವಾದಷ್ಟೂ ವೇಷಧಾರಿ ಕಾಯುತ್ತಾ ನಿಲ್ಲಬೇಕಾಗುತ್ತದೆ, ಅದೂ ನಿಜ.

ನನ್ನ ಈ ಅಳತೆಗೋಲು ಒಮ್ಮೆ ಮಾತ್ರ ಕೈಕೊಟ್ಟಿತು. 2022ರ ಸೆಪ್ಟೆಂಬರ್ 30ಕ್ಕೆ ‘ಕಾಂತಾರ’ ಬಂತು. ಅಜನೀಶ್ ಲೋಕನಾಥ್ ಸಂಗೀತ, ಶಶಿರಾಜ್ ಕಾವೂರು ಸಾಹಿತ್ಯ, ಸಾಯಿ ವಿಘ್ನೇಶ್ ಕಂಠದ ‘ವರಾಹ ರೂಪಂ’ ಎಲ್ಲರ ಫೋನಿನಲ್ಲೂ ಮೊಳಗಿತು. ಅದರ ಬೆನ್ನಿಗೇ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ, ಇದು ತಮ್ಮ ‘ನವರಸಂ’ನ ನಕಲು ಎಂದಿತು. ರಾಗ ಒಂದೇ ಆದಾಗ ಹೀಗೆ ಕೇಳಿಸುತ್ತದೆ ಎಂಬುದು ಚಿತ್ರತಂಡದ ಸಮಜಾಯಿಷಿ. ಕೋಝಿಕ್ಕೋಡಿನ ಕೋರ್ಟು ತಡೆಯಾಜ್ಞೆ ಕೊಟ್ಟಿತು. ನಮ್ಮ ಕ್ಲಾಸಿನಲ್ಲಿ ಎರಡು ಪಕ್ಷವಾಯಿತು, ಭಾಷೆಯ ಪ್ರಕಾರ. ಎರಡೂ ಹಾಡು ಮೊದಲಿನಿಂದ ಕೊನೆಯವರೆಗೆ ಕೇಳಿದವರು ಎರಡೂ ಪಕ್ಷದಲ್ಲಿ ಕಡಿಮೆ. ನಾನು ಒಂದರ ಮೇಲೊಂದು ಕೇಳಿದೆ. ಗಿಟಾರಿನ ನಡೆ, ತಾಳ ಏರುವ ಬಗೆ ನನ್ನ ಕಿವಿಗೆ ಬಹಳ ಹತ್ತಿರ. ನಕಲು ಹೌದೋ ಅಲ್ಲವೋ ಎಂದು ಹೇಳಬೇಕಾದ್ದು ನ್ಯಾಯಾಲಯ. ಒಂದು ತಂಡದ ಹೆಸರನ್ನು ಕೃತಜ್ಞತೆಯ ಪಟ್ಟಿಗೆ ಮೊದಲೇ ಸೇರಿಸಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಎಂದಷ್ಟೇ ನಾನು ಹೇಳಬಲ್ಲೆ. ಹಾಗಂದದ್ದಕ್ಕೆ ಕನ್ನಡದ ಗೆಳೆಯರು ನನ್ನನ್ನು ಎರಡು ದಿನ ‘ಮಲಯಾಳಿ’ ಎಂದು ಕರೆದರು.

ನವೆಂಬರಿನಲ್ಲಿ ಚಿತ್ರ ಒಟಿಟಿಗೆ ಬಂದಾಗ ಅದೇ ಸಾಹಿತ್ಯಕ್ಕೆ ಬೇರೆ ಧಾಟಿ ಹಾಕಿದ್ದರು. ಅಕ್ಷರವೇ ಮುಖ್ಯ ಎನ್ನುವ ನನಗೆ ಅದು ಹಿಡಿಸಬೇಕಿತ್ತು. ಅಕ್ಷರಗಳೆಲ್ಲ ಸ್ಪಷ್ಟವಾಗಿ ಕೇಳುತ್ತಿದ್ದವು, ಆದರೆ ಮೈಯಲ್ಲಿ ಒಂದು ರೋಮವೂ ಏಳಲಿಲ್ಲ. ಮೊದಲಿನ ಹಾಡು ಆಮೇಲೆ ಮರಳಿ ಬಂತು, ಎಲ್ಲರ ಹಾಗೆ ನಾನೂ ಖುಷಿಪಟ್ಟೆ. ಅಕ್ಷರಕ್ಕೆ ತಕ್ಕ ನಡೆ ಸಿಕ್ಕಿದರೆ ಮಾತ್ರ ಅದು ಬದುಕುತ್ತದೆ ಎಂದು ನನ್ನ ವಾದಕ್ಕೆ ಈಗ ಒಂದು ಬಾಲ ಜೋಡಿಸಿಕೊಂಡಿದ್ದೇನೆ.

ಹೊಸ ಸಿನಿಮಾ ಹಾಡುಗಳಲ್ಲಿ ಬಹುಪಾಲು ಈ ಪರೀಕ್ಷೆಗೆ ಕೂರುವುದೇ ಇಲ್ಲ. ಕಂಠವನ್ನು ವಾದ್ಯಗಳ ನಡುವೆ ಹೂತುಬಿಟ್ಟು, ಪರದೆಯಲ್ಲಿ ಸಾಹಿತ್ಯದ ಅಕ್ಷರ ಓಡಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದಾರೆ. ಓದಿಕೊಂಡು ಕೇಳಬೇಕಾದ ಹಾಡು ನನಗೆ ಬೇಡ.

ಕೊನೆಗೊಂದು ಮಾತು ಓದುಗರಿಗೆ. ಬಲಿಪರನ್ನು ನಾನು ಹೆಚ್ಚಾಗಿ ಕೇಳಿದ್ದು ರಾತ್ರಿ ಆಟಗಳಲ್ಲಿ ಯಾರೋ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿದ ಕ್ಯಾಸೆಟ್ಟುಗಳಲ್ಲಿ. ಮುಳ್ಳೇರಿಯ, ಆದೂರು, ಬದಿಯಡ್ಕ ಕಡೆಯ ಹಳೆ ಮನೆಗಳ ಅಟ್ಟದಲ್ಲಿ ಇಂಥವು ಇನ್ನೂ ಇವೆ. ನಮ್ಮ ಮಳೆಗಾಲಕ್ಕೆ ಟೇಪಿಗೆ ಬೂಸಲು ಹಿಡಿಯಲು ಹೆಚ್ಚು ಸಮಯ ಬೇಡ. ಎಸೆಯಬೇಡಿ, ಮನೆಯ ಮಕ್ಕಳಿಗೆ ಹೇಳಿ ಕಂಪ್ಯೂಟರಿಗೆ ಇಳಿಸಿ, ಯಾವ ಊರಿನ ಆಟ, ಯಾವ ಪ್ರಸಂಗ, ಯಾವ ವರ್ಷ ಎಂದು ಬರೆದಿಡಿ.