ನವೀಕರಣೀಯ ಶಕ್ತಿ ಮತ್ತು ವಿದ್ಯುಜ್ಜಾಲದ ರಕ್ಷಣೆ: ಒಂದು ವಿಮರ್ಶೆ

ಶಕ್ತಿಮೂಲಗಳನ್ನು ನವೀಕರಿಸಬಹುದಾದುವು, ಮುಗಿದುಹೋಗತಕ್ಕವು ಎಂದು ಎರಡಾಗಿ ವಿಂಗಡಿಸುವ ಪದ್ಧತಿ ನಮ್ಮ ಪಠ್ಯಗ್ರಂಥಗಳಲ್ಲಿ ದೃಢವಾಗಿ ನೆಲೆಗೊಂಡಿದೆ. ಇಂಧನದ ಆಯವ್ಯಯವನ್ನು ಲೆಕ್ಕಹಾಕುವವರಿಗೆ ಈ ವಿಭಾಗ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನೇ ವಿದ್ಯುಜ್ಜಾಲದ ರಕ್ಷಣೆಯ ವಿಷಯಕ್ಕೂ ತಂದು, ನವೀಕರಣೀಯ ಶಕ್ತಿಯಿಂದ ರಕ್ಷಣಾವ್ಯವಸ್ಥೆಗೆ ತೊಡಕುಂಟಾಗುತ್ತದೆಂದು ಒಟ್ಟಾರೆ ಬರೆಯುವುದು ಸಮಂಜಸವೆಂದು ತೋರುವುದಿಲ್ಲ.

ಹುಲಿಯೂರುದುರ್ಗವು ತುಮಕೂರು ಜಿಲ್ಲೆಯ ದಕ್ಷಿಣದ ಅಂಚಿನಲ್ಲಿದೆ. ಅಲ್ಲಿಂದ ಮದ್ದೂರು ಮಳವಳ್ಳಿಗಳನ್ನು ದಾಟಿ ಇನ್ನೂ ದಕ್ಷಿಣಕ್ಕೆ ಹೋದರೆ ಶಿವನಸಮುದ್ರ; ಅದೇ ಜಿಲ್ಲೆಯ ಉತ್ತರದ ತುದಿಗೆ ಹೋದರೆ ಪಾವಗಡ. 1902ರಲ್ಲಿ ಕಾವೇರಿಯ ನೀರು ತಿರುಗಿಸಿದ ಶಿವನಸಮುದ್ರದ ವಿದ್ಯುಜ್ಜನಕಗಳು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದುವು. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದ ಮೇಲೆ, 2019ರ ಕೊನೆಯ ವೇಳೆಗೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಪೂರ್ಣಗೊಂಡಿತು. ಮಳೆಯ ನೀರೂ ಬಿಸಿಲೂ ವರ್ಷವರ್ಷವೂ ಬರತಕ್ಕವೇ. ಆದರೂ ರಿಲೇಯ ದೃಷ್ಟಿಯಲ್ಲಿ ಶಿವನಸಮುದ್ರಕ್ಕೆ ಹತ್ತಿರದ ಬಂಧು ಪಾವಗಡವಲ್ಲ, ಕಲ್ಲಿದ್ದಲನ್ನು ಸುಡುವ ರಾಯಚೂರು.

ಏಕೆಂದರೆ ರಿಲೇಗೆ ಇಂಧನ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತಂತಿಯಲ್ಲಿ ಹರಿಯುವ ಪ್ರವಾಹ ಮತ್ತು ವೋಲ್ಟೇಜು. ನೀರಿನಿಂದಾಗಲಿ ಉಗಿಯಿಂದಾಗಲಿ ತಿರುಗುವ ಜನಕವು, ಎಲ್ಲಿಯಾದರೂ ಷಾರ್ಟ್ ಸರ್ಕ್ಯೂಟ್ ಆದೊಡನೆ, ಮೊದಲ ಕೆಲವು ಆವರ್ತಗಳಲ್ಲಿ ತನ್ನ ನಿಗದಿತ ಪ್ರವಾಹದ ಐದಾರು ಪಟ್ಟನ್ನು ಸುರಿದುಬಿಡುತ್ತದೆ. ಸೌರಫಲಕಗಳನ್ನು ಜಾಲಕ್ಕೆ ಸೇರಿಸುವ ಇನ್ವರ್ಟರಾದರೋ ತನ್ನ ಅರೆವಾಹಕಗಳು ಸುಟ್ಟುಹೋಗದಂತೆ ತನ್ನನ್ನು ತಾನೇ ಬಿಗಿಹಿಡಿದುಕೊಳ್ಳುತ್ತದೆ. ಸಾಮಾನ್ಯವಾಗಿ ನಿಗದಿತ ಪ್ರವಾಹದ ಒಂದೂಕಾಲು ಒಂದೂವರೆ ಪಟ್ಟನ್ನು ಅದು ಮೀರುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನಂಥ ಗಾಳಿಯಂತ್ರಗಳ ನಡತೆ ಅವುಗಳ ರಚನೆಗೆ ತಕ್ಕಂತೆ ಬೇರೆಬೇರೆ. ಕೆಲವು ತಿರುಗುವ ಜನಕವನ್ನು ಹೋಲುತ್ತವೆ, ಕೆಲವು ಇನ್ವರ್ಟರನ್ನು. ಹೀಗೆ ಒಂದೇ ಗಾಳಿ ಎರಡು ಪಂಗಡಗಳಿಗೆ ಸೇರುವುದಾದರೆ ಮೇಲ್ಕಂಡ ವಿಂಗಡಣೆ ಇಲ್ಲಿ ನಿಲ್ಲಲಾರದು.

ಹುಲಿಯೂರುದುರ್ಗದಂಥ ಹೋಬಳಿಯ 11 ಕೆ.ವಿ. ಫೀಡರೊಂದಕ್ಕೆ 1 ಮೆಗಾವಾಟಿನ ಸೌರಘಟಕ ಸೇರಿದೆಯೆಂದು ಭಾವಿಸೋಣ. ಅದರ ನಿಗದಿತ ಪ್ರವಾಹ ಸುಮಾರು 52 ಆಂಪಿಯರು. ದೋಷಕಾಲದಲ್ಲಿ ಅದು ಕೊಡುವುದು 65ರಿಂದ 80 ಆಂಪಿಯರು ಮಾತ್ರ. ಅಷ್ಟೇ ದೊಡ್ಡ ಜಲವಿದ್ಯುತ್ ಯಂತ್ರವಾಗಿದ್ದರೆ 300ರ ಸಮೀಪಕ್ಕೆ ಹೋಗುತ್ತಿತ್ತು. ಪಂಪುಸೆಟ್ಟುಗಳೆಲ್ಲ ನಡೆಯುವ ಹೊತ್ತಿನಲ್ಲಿ ಫೀಡರಿನ ಸಹಜ ಪ್ರವಾಹವೇ 80 ಆಂಪಿಯರನ್ನು ಮೀರುವುದುಂಟು. ದೋಷವೆಂದರೆ ಮಿತಿಮೀರಿದ ಪ್ರವಾಹ ಎಂದು ಮೊದಲ ಪಾಠದಲ್ಲಿಯೇ ಕಲಿಸುವ ನಾವು, ದೋಷವೂ ದುಡಿಮೆಯೂ ಒಂದೇ ಅಳತೆಯಲ್ಲಿ ಕಾಣಿಸಿಕೊಂಡಾಗ ಏನು ಹೇಳುವೆವು?

ಇದರಿಂದ ಕೆಲವರು ಉಪಕೇಂದ್ರದ ರಿಲೇ ಕುರುಡಾಗುವುದೆಂದು ಭಯಪಡುತ್ತಾರೆ. ಈ ಭಯ ಅತಿಯಾದದ್ದು. ತೆಂಗಿನ ಗರಿ ಬಿದ್ದು ತಂತಿಗಳು ಕೂಡಿಕೊಂಡರೆ ದೊಡ್ಡ ಜಾಲದಿಂದ ಬರುವ ಪ್ರವಾಹವೇ ಉಪಕೇಂದ್ರದ ರಿಲೇಯನ್ನು ಎಚ್ಚರಿಸಲು ಸಾಮಾನ್ಯವಾಗಿ ಸಾಕು. ಫೀಡರು ಬಹಳ ಉದ್ದವಾಗಿ, ಮಧ್ಯದಲ್ಲಿ ಘಟಕಗಳು ಹಲವಾಗಿದ್ದರೆ ಮಾತ್ರ ಅದರ ಎಚ್ಚರ ತಡವಾಗಬಹುದು. ನಿಜವಾದ ಅಪಾಯ ಬ್ರೇಕರು ತೆರೆದ ಮೇಲಿನದು. ಜಾಲ ಕಳಚಿಕೊಂಡಿತು, ಘಟಕ ಮಾತ್ರ ಉಳಿಯಿತು; ಅದು ಕೊಡುವ ಅಲ್ಪ ಪ್ರವಾಹವನ್ನು ಯಾವ ಫ್ಯೂಸೂ ದೋಷವೆಂದು ಗುರುತಿಸಲಾರದು. ಕಂಬ ಹತ್ತುವ ಲೈನ್‌ಮನ್ನನ ಪಾಲಿಗೆ 65 ಆಂಪಿಯರಿಗೂ 300 ಆಂಪಿಯರಿಗೂ ವ್ಯತ್ಯಾಸವಿಲ್ಲ. ಆದುದರಿಂದಲೇ ಜಾಲ ಹೋದ ಎರಡು ಸೆಕೆಂಡಿನೊಳಗೆ ಇನ್ವರ್ಟರು ತಾನಾಗಿಯೇ ನಿಲ್ಲಬೇಕೆಂಬ ವಿಧಿ ರೂಢಿಗೆ ಬಂದಿತು. ವಿಧಿ ಒಳ್ಳೆಯದೇ, ಆದರೂ ತಂತಿಯನ್ನು ಭೂಮಿಗೆ ಜೋಡಿಸದೆ ಕೈಯಿಡಬಾರದೆಂಬ ಹಳೆಯ ಕಟ್ಟಳೆಗೆ ಅದು ಬದಲಿಯಲ್ಲ.

ಪಾವಗಡದಲ್ಲಿ ಬೇಕಾದದ್ದು ಇದಕ್ಕೆ ನೇರವಾಗಿ ವಿರುದ್ಧ. ಅಲ್ಲಿನ 2,050 ಮೆಗಾವಾಟೂ ದೂರದ ದೋಷವೊಂದಕ್ಕೆ ಬೆದರಿ ಒಮ್ಮೆಗೇ ಕಳಚಿಕೊಂಡರೆ ಜಾಲಕ್ಕೆ ದೋಷಕ್ಕಿಂತ ಅದರ ಪರಿಣಾಮವೇ ಭಾರವಾಗುವುದು. ಅಂಥ ಕೇಂದ್ರಗಳು ವೋಲ್ಟೇಜು ನೂರಕ್ಕೆ ಹದಿನೈದಕ್ಕೆ ಇಳಿದರೂ 0.3 ಸೆಕೆಂಡಿನವರೆಗೆ ಜಾಲವನ್ನು ಬಿಡಕೂಡದೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ ವಿಧಿಸುತ್ತದೆ. ಇದು ಕೇವಲ ತರ್ಕದ ಆತಂಕವಲ್ಲ. 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯದಲ್ಲಿ ಬಿರುಗಾಳಿಯಿಂದ ಗೋಪುರಗಳು ಉರುಳಿ ವೋಲ್ಟೇಜು ಮೇಲಿಂದಮೇಲೆ ಕುಸಿಯಿತು. ಇಷ್ಟು ಬಾರಿ ಮಾತ್ರ ಸಹಿಸಬೇಕೆಂದು ಗಾಳಿಯಂತ್ರಗಳಲ್ಲಿ ಮೊದಲೇ ಹಾಕಿಟ್ಟಿದ್ದ ಎಣಿಕೆ ಮೀರಲಾಗಿ, ಏಳು ಸೆಕೆಂಡಿನೊಳಗೆ 456 ಮೆಗಾವಾಟ್ ಇಲ್ಲವಾಯಿತು. ನೆರೆರಾಜ್ಯದ ಕೊಂಡಿಯೂ ಆ ಹೊರೆಯನ್ನು ತಾಳದೆ ಕಳಚಿ ಇಡೀ ರಾಜ್ಯ ಕತ್ತಲಾಯಿತು. ಗಾಳಿಯನ್ನು ದೂರಿದವರು ಅನೇಕರು. ತಪ್ಪಿದ್ದದ್ದು ಆ ಎಣಿಕೆಯಲ್ಲಿ. ಅದನ್ನು ಬದಲಾಯಿಸಿದ ಮೇಲೆ ಅದೇ ಯಂತ್ರಗಳು ಕೆಲಸಕ್ಕೆ ಬಂದುವು.

ಹೀಗೆ ಹೋಬಳಿಯ ಫೀಡರಿನಲ್ಲಿ ಕೂಡಲೇ ಬಿಡು ಎನ್ನುವ ರಕ್ಷಣೆ, ಮೇಲಿನ ಜಾಲದಲ್ಲಿ ಬಿಡಬೇಡ ಎನ್ನುತ್ತದೆ. ಎರಡೂ ನ್ಯಾಯವೇ. ಆದರೆ ಫೀಡರುಗಳ ಮೇಲಿನ ಸಣ್ಣ ಘಟಕಗಳು ಸಾವಿರಾರಾಗಿ, ಅವುಗಳ ಮೊತ್ತವೇ ಒಂದು ಪಾವಗಡವಾದಾಗ ಯಾವ ಆಜ್ಞೆಯನ್ನು ಪಾಲಿಸಬೇಕೆಂಬ ಪ್ರಶ್ನೆಯನ್ನು ಪಠ್ಯಕ್ರಮಗಳು ಇನ್ನೂ ಗಂಭೀರವಾಗಿ ಎತ್ತಿಕೊಂಡಂತೆ ಕಾಣುವುದಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ಸಂಗತಿಯುಂಟು. ಜಾಲದ ಆವರ್ತನ 50 ಹರ್ಟ್ಸಿನಿಂದ 49.4ಕ್ಕೆ ಇಳಿದರೆ ಕೆಲವು ಫೀಡರುಗಳನ್ನು ತಾನಾಗಿಯೇ ಕಡಿದು ಹೊರೆ ತಗ್ಗಿಸುವ ರಿಲೇಗಳಿವೆ. ಫೀಡರೆಂದರೆ ಹೊರೆಯೆಂಬ ಕಾಲದಲ್ಲಿ ಏರ್ಪಟ್ಟ ವ್ಯವಸ್ಥೆ ಅದು. ಪಂಪುಸೆಟ್ಟುಗಳ ಫೀಡರಿಗೆ ಸೌರಘಟಕ ಸೇರಿದ ಮೇಲೆ, ಪಂಪುಗಳು ನಿಂತಿರುವ ಮಧ್ಯಾಹ್ನದಲ್ಲಿ ಆ ಫೀಡರೇ ಜಾಲಕ್ಕೆ ಕೊಡುವುದಾಗಿರುತ್ತದೆ. ಆಗ ಅದನ್ನು ಕಡಿದರೆ ಕಡಿಮೆಯಾಗುವುದು ಹೊರೆಯಲ್ಲ, ಉತ್ಪಾದನೆ. ಆವರ್ತನ ಏರುವ ಬದಲು ಇನ್ನಷ್ಟು ಇಳಿಯುವುದು. ಪ್ರವಾಹದ ದಿಕ್ಕನ್ನು ನೋಡದೆ ಕಡಿಯುವ ರಿಲೇಗೆ ಮಧ್ಯಾಹ್ನ ಒಂದು ಗಂಟೆಯೂ ರಾತ್ರಿ ಎಂಟು ಗಂಟೆಯೂ ಒಂದೇ.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ರಿಲೇಯ ಪರೀಕ್ಷೆ ಪ್ರಾಯಶಃ ಪ್ರವಾಹವನ್ನು ಏರಿಸುತ್ತ ಹೋಗಿ ಅದು ಎಷ್ಟು ಹೊತ್ತಿನಲ್ಲಿ ಎಳೆಯುವುದೆಂದು ಗುರುತು ಹಾಕಿಕೊಳ್ಳುವುದರಲ್ಲಿಯೇ ಮುಗಿಯುತ್ತದೆ. ಅದೇ ಮೇಜಿನ ಮೇಲೆ ಸಣ್ಣ ಇನ್ವರ್ಟರೊಂದನ್ನಿಟ್ಟು, ಅದರ ತುದಿಗಳಿಗೆ ದೋಷವನ್ನು ಕಲ್ಪಿಸಿ, ಅದೇ ರಿಲೇ ಸುಮ್ಮನಿರುವುದನ್ನು ವಿದ್ಯಾರ್ಥಿಗೆ ತೋರಿಸಲು ಹೆಚ್ಚಿನ ಉಪಕರಣವೇನೂ ಬೇಕಾಗಿಲ್ಲ.